ಹಿಂದೆ ಕೂತವರ ಕಿವಿ

ಒಂದು ವಾರ ನನ್ನ ಗಾಡಿ, ಮುಂದಿನ ವಾರ ಅವರ ಗಾಡಿ. ಆರು ವರ್ಷ ನಾವಿಬ್ಬರು ಮೇಷ್ಟ್ರುಗಳು ಹೀಗೇ ಒಂದೇ ಬೈಕಿನಲ್ಲಿ ಶಾಲೆಗೆ ಹೋಗಿ ಬಂದೆವು.

ಬೆಳಿಗ್ಗೆ ಎಂಟಕ್ಕೆ ರಾಮ ಮಂದಿರ ಸರ್ಕಲ್ ಹತ್ತಿರ ಯಾರಾದರೊಬ್ಬರು ಕಾಯುತ್ತಾ ನಿಂತಿರುತ್ತಿದ್ದೆವು. ಯಾರ ವಾರವೋ ಅವರದೇ ಪೆಟ್ರೋಲು. ಕಲಬುರಗಿ ಬಿಟ್ಟು ಜೇವರ್ಗಿ ರಸ್ತೆ ಹಿಡಿದು, ಫರಹತಾಬಾದ್ ದಾಟಿ, ಕಟ್ಟಿ ಸಂಗಾವಿಯ ಹತ್ತಿರ ಭೀಮಾ ಸೇತುವೆ ದಾಟಿದರೆ ಆಮೇಲೆ ನಮ್ಮ ಶಾಲೆಯ ಒಳದಾರಿ. ಒಂದು ಕಡೆಗೆ ಹೆಚ್ಚು ಕಡಿಮೆ 40 ಕಿಲೋಮೀಟರ್. ಕೊನೆಯ ಕೆಲವು ಕಿಲೋಮೀಟರ್ ಎರಿ (ಕಪ್ಪು ಮಣ್ಣಿನ) ಹೊಲಗಳ ನಡುವಿನ ಮಣ್ಣಿನ ದಾರಿ. ಎರಡೂ ಕಡೆ ತೊಗರಿ.

ಅವರು ನನಗಿಂತ ಹದಿನೆಂಟು ವರ್ಷ ದೊಡ್ಡವರು. ಗಣಿತದ ಮೇಷ್ಟ್ರು. ಶಾಲೆಯಲ್ಲಿ ಎಲ್ಲರೂ ಹಿರಿಯ ಸರ್ ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಬರೆಯುತ್ತೇನೆ. ಹಿಂದೆ ಕೂತಾಗ ಅವರು ಜಾಸ್ತಿ ಮಾತಾಡುತ್ತಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ನನ್ನ ಬಲ ಭುಜಕ್ಕೆ ಎರಡು ಸಲ ತಟ್ಟುತ್ತಿದ್ದರು. ನಾನು ವೇಗ ಕಡಿಮೆ ಮಾಡಿ ಕಿವಿ ಕೊಡುತ್ತಿದ್ದೆ.

ಒಂದು ದಿನ ಹಾಗೇ ತಟ್ಟಿದರು. "ಸರ, ಕೆಳಗ ಏನೋ ಕಟಕಟ ಅನಲಾಕತ್ತದ ನೋಡ್ರಿ."

ನನಗೇನೂ ಕೇಳಿಸಲಿಲ್ಲ. "ರಸ್ತಾ ಹಂಗ ಅದ ತಗೋರಿ ಸರ" ಅಂದೆ. ಅವರು ಸುಮ್ಮನಾದರು. ಎರಡು ವಾರ ಬಿಟ್ಟು ಮತ್ತೆ ನನ್ನ ಸರದಿ ಬಂದಾಗ ಮತ್ತೆ ತಟ್ಟಿದರು, ಮತ್ತೆ ಅದೇ ಮಾತು. ನಾನು ಮತ್ತೆ ಅದೇ ಉತ್ತರ ಕೊಟ್ಟೆ.

ಮೂರನೇ ದಿನಕ್ಕೆ, ಸಂಜೆ ವಾಪಸ್ ಬರುವಾಗ, ಫರಹತಾಬಾದಿಗಿಂತ ಸ್ವಲ್ಪ ಮುಂಚೆ ಒಂದು ಹಂಪ್ ಬಂತು. ಗೇರ್ ಇಳಿಸಿ ನಿಧಾನ ಮಾಡಿದ್ದೆ, ಅದೇ ನಮ್ಮ ಪುಣ್ಯ. ಹಂಪ್ ಇಳಿದು ಎಕ್ಸಲೇಟರ್ ಕೊಟ್ಟ ಕೂಡಲೇ ಕೆಳಗಿನಿಂದ ಕಟಾರ್ ಅಂತ ಒಂದು ಶಬ್ದ. ಹಿಂದಿನ ಚಕ್ರ ಅಲ್ಲೇ ಜಾಮ್ ಆಯಿತು. ಗಾಡಿ ಅಡ್ಡ ಸರಿದು ಇಬ್ಬರೂ ಬಿದ್ದೆವು. ನನ್ನ ಅಂಗೈ ಕಿತ್ತಿತು, ಅಷ್ಟೇ. ಹಿರಿಯ ಸರ್ ಮೊಣಕಾಲು ಊದಿಕೊಂಡು ಹತ್ತು ದಿನ ಅವರಿಗೆ ಮೆಟ್ಟಿಲು ಹತ್ತಲಿಕ್ಕೆ ಆಗಲಿಲ್ಲ. ಹಿಂದೆ ಲಾರಿ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಬೇವಿನ ಮರದ ಕೆಳಗೆ ಗಾಡಿ ತಳ್ಳಿಕೊಂಡು ಹೋಗಿ ನೋಡಿದರೆ ಚೈನ್ ಹರಿದಿರಲಿಲ್ಲ, ಬಿಚ್ಚಿಕೊಂಡಿತ್ತು. ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹತ್ತಿರ ಗಂಟುಗಂಟಾಗಿ ಸಿಕ್ಕಿಕೊಂಡಿತ್ತು. ಚೈನಿನ ಎರಡು ತುದಿ ಸೇರಿಸುವ ಕೊಂಡಿಯ ಮೇಲೆ ಒಂದು ಸಣ್ಣ ತಗಡಿನ ಲಾಕ್ ಇರುತ್ತೆ. ಉಗುರಿನಷ್ಟು ದೊಡ್ಡದು, ಮೀನಿನ ಆಕಾರ. ಅದು ಹಾರಿ ಹೋಗಿತ್ತು. ಹಳೆ ಚೈನ್ ಸವೆದಾಗ ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ಅವಸರದಲ್ಲಿ ಹೊಸದು ಹಾಕಿಸಿದ್ದೆ. ಆ ಲಾಕ್ ಹೇಗೆ ಕೂಡಿಸಿದ್ದಾರೆ ಅಂತ ನಾನು ಬಗ್ಗಿ ನೋಡಿರಲಿಲ್ಲ. ನೋಡಿದ್ದರೂ ಆಗ ನನಗೆ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತು. ಲಾಕಿನ ಒಂದು ತುದಿ ಮುಚ್ಚಿರುತ್ತೆ, ಇನ್ನೊಂದು ತುದಿ ಸೀಳಿರುತ್ತೆ. ಚೈನ್ ಯಾವ ದಿಕ್ಕಿಗೆ ಓಡುತ್ತೋ ಮುಚ್ಚಿದ ತುದಿ ಆ ದಿಕ್ಕಿಗೆ ಮುಖ ಮಾಡಿರಬೇಕು. ಉಲ್ಟಾ ಹಾಕಿದರೆ, ಚೈನ್ ಕವರಿಗೆ ಏನಾದರೂ ತಾಗಿದಾಗ ಸೀಳಿದ ತುದಿಯೇ ಮೊದಲು ಪೆಟ್ಟು ತಿಂದು ಲಾಕ್ ಕಳಚುತ್ತೆ. ನನ್ನ ಚೈನ್ ಸಡಿಲಾಗಿ ಕವರಿಗೆ ಬಡಿಯುತ್ತಲೇ ಇತ್ತು. ಹಿರಿಯ ಸರ್ ಕೇಳಿಸಿಕೊಂಡ ಕಟಕಟ ಅದೇ.

ಮೊಣಕಾಲು ಒತ್ತಿ ಹಿಡಿದು ಕಲ್ಲಿನ ಮೇಲೆ ಕೂತಿದ್ದ ಅವರು ನನ್ನನ್ನು ಬೈಯಲಿಲ್ಲ. "ನಿಮಗ ಕೇಳಿಸಿಲ್ಲ ಅಂದ್ರ ಅದು ನಿಮ್ಮ ತಪ್ಪಲ್ಲ ಬಿಡ್ರಿ. ದಿನಾ ಒಂದೊಂದು ಕೂದಲಷ್ಟು ಜಾಸ್ತಿ ಆದ್ರ ಯಾರಿಗೆ ಗೊತ್ತಾಗ್ತದ?" ಅಂದರು.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಗಾಡಿ ಒಂದೇ ದಿನಕ್ಕೆ ಕೆಡಲ್ಲ. ಇವತ್ತು ನಿನ್ನೆಗಿಂತ ಕೂದಲಷ್ಟು ಬೇರೆ, ನಾಳೆ ಇವತ್ತಿಗಿಂತ ಕೂದಲಷ್ಟು ಬೇರೆ. ದಿನಾ ಅದರ ಮೇಲೆ ಕೂರುವವನ ಕೈ, ಕಾಲು, ಕಿವಿ ಎಲ್ಲವೂ ಅದರ ಜೊತೆಗೇ ಹೊಂದಿಕೊಳ್ಳುತ್ತಾ ಹೋಗುತ್ತವೆ. ಬ್ರೇಕ್ ಪೆಡಲ್ ಕೆಳಗೆ ಹೋದಷ್ಟೂ ಕಾಲು ತಾನೇ ಕೆಳಗೆ ಒತ್ತುವುದನ್ನು ಕಲಿಯುತ್ತೆ. ಶಬ್ದ ಜಾಸ್ತಿ ಆದಷ್ಟೂ ಕಿವಿ ಅದನ್ನು ಬಿಟ್ಟು ಕೇಳುವುದನ್ನು ಕಲಿಯುತ್ತೆ. ವಾರ ಬಿಟ್ಟು ವಾರ ಹಿಂದೆ ಕೂರುವವರಿಗೆ ಆ ರೂಢಿ ಇಲ್ಲ. ಅದಕ್ಕೇ ಅವರಿಗೆ ಮೊದಲು ಕೇಳಿಸುತ್ತೆ. ಮಾಲೀಕನಿಗೆ ತನ್ನ ಗಾಡಿ ಎಲ್ಲರಿಗಿಂತ ಚೆನ್ನಾಗಿ ಗೊತ್ತು ಅನ್ನುತ್ತಾರಲ್ಲ, ನಾನು ಅದನ್ನು ಈಗ ಅರ್ಧ ಮಾತ್ರ ನಂಬುತ್ತೇನೆ. ಗೊತ್ತಾಗಬೇಕು ಅಂದರೆ ಅಳೆಯಬೇಕು.

ಆ ವಾರವೇ ಒಂದು ಆರು ಇಂಚಿನ ಸ್ಕೇಲ್ ಮತ್ತು ಟೈರಿನ ಹವಾ ನೋಡುವ ಒಂದು ಗೇಜ್ ತಂದೆ. ಪಾನಾ ಸೆಟ್ ಮನೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಅರ್ಧ ಗಂಟೆ ಅಂತ ಶುರು ಮಾಡಿದೆ.

ಮೊದಲು ಚೈನ್. ನಮ್ಮ ಕಡೆ ಓಡುವ ನೂರು ಸಿಸಿ ಗಾಡಿಗಳಲ್ಲಿ ಚೈನ್ ಪೂರ್ತಿ ಕವರಿನೊಳಗೆ ಇರುತ್ತೆ. ಧೂಳಿಗೆ ಅದು ಒಳ್ಳೆಯದೇ. ಆದರೆ ಕಣ್ಣಿಗೆ ಬೀಳದ್ದು ನೆನಪಿಗೂ ಬೀಳಲ್ಲ. ಕವರಿನ ಕೆಳಭಾಗದಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತೆ, ತೆಗೆದರೆ ಚೈನ್ ಕಾಣುತ್ತೆ. ನನ್ನ ಗಾಡಿಗೆ ಅದು ಇದೆ ಅಂತ ನನಗೆ ಗೊತ್ತಾಗಿದ್ದೇ ಬಿದ್ದ ಮೇಲೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಇಟ್ಟು, ಆ ಕಿಂಡಿಯಲ್ಲಿ ಬೆರಳು ಹಾಕಿ ಚೈನ್ ಮೇಲೆ ಕೆಳಗೆ ಆಡಿಸಬೇಕು. ಒಟ್ಟು ಆಟ 20ರಿಂದ 30 ಮಿಲಿಮೀಟರ್ ಇರಬೇಕು. ಆಮೇಲೆ ಚಕ್ರ ಸ್ವಲ್ಪ ತಿರುಗಿಸಿ ಮತ್ತೆ ನೋಡಬೇಕು, ಮತ್ತೆ ತಿರುಗಿಸಿ ಮತ್ತೆ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯಲ್ಲ. ಒಂದು ಕಡೆ ಬಿಗಿ ಇರುತ್ತೆ, ಒಂದು ಕಡೆ ಸಡಿಲ. ಬಿಗಿ ಇರುವ ಜಾಗದಲ್ಲಿ ಅಳತೆ ಸರಿ ಇರಬೇಕು.

ಸಡಿಲ ಅಂದರೆ ಭಯ ಅಂತ ತಂತಿಯ ಹಾಗೆ ಬಿಗಿ ಮಾಡುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಇಬ್ಬರು ಕೂತು ಗುಂಡಿಗೆ ಇಳಿದಾಗ ಹಿಂದಿನ ಚಕ್ರ ಮೇಲೆ ಏರುತ್ತೆ, ಆಗ ಎರಡು ಸ್ಪ್ರಾಕೆಟ್ ನಡುವಿನ ದೂರ ಬದಲಾಗುತ್ತೆ. ಚೈನಿಗೆ ಆ ದೂರ ಕೊಡಲು ಸಡಿಲು ಉಳಿದಿರಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಆ ಎಳೆತವೆಲ್ಲ ಬೀಳುತ್ತೆ. ಐನೂರು ಕಿಲೋಮೀಟರಿಗೊಮ್ಮೆ ಬ್ರಷ್ಷಿನಿಂದ ಕೆಸರು ಉಜ್ಜಿ, ಒರೆಸಿ, 90 ನಂಬರ್ ಗೇರ್ ಆಯಿಲ್ ಬಿಡುತ್ತೇನೆ. ಹಳೆ ಎಂಜಿನ್ ಆಯಿಲ್ ಬಿಡುವ ರೂಢಿ ಇದೆ ನಮ್ಮಲ್ಲಿ. ಅದು ತೆಳ್ಳಗಾಗಿರುತ್ತೆ, ಎಂಜಿನ್ನಿನ ಮಸಿಯೂ ಅದರಲ್ಲೇ ಇರುತ್ತೆ. ಒಂದು ದಿನಕ್ಕೆ ಹಾರಿ ಹೋಗುತ್ತೆ, ಉಳಿದದ್ದು ಧೂಳು ಹಿಡಿಯುತ್ತೆ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಒಂದು ಕಡೆ ಬಾಗಿದ್ದರೆ ಮಾತ್ರ ಚೈನೊಂದನ್ನೇ ಬದಲಿಸಬೇಡಿ. ಚೈನು, ಎರಡೂ ಸ್ಪ್ರಾಕೆಟ್ಟು ಮೂರನ್ನೂ ಸೇರಿಸಿ ಚೈನ್ ಸೆಟ್ಟೇ ಹಾಕಿಸಿ. ಹಳೆ ಹಲ್ಲು ಹೊಸ ಚೈನನ್ನು ಬೇಗ ತಿಂದು ಹಾಕುತ್ತೆ.

ಇಷ್ಟೆಲ್ಲ ಮಾಡಿಯೂ ಒಂದು ತಪ್ಪು ಮಾಡಿದೆ. ಅದನ್ನು ಹಿಡಿದುಕೊಟ್ಟವರು ಏಳನೇ ಕ್ಲಾಸಿನ ಮಕ್ಕಳು.

ನಮ್ಮ ಕಡೆ ಗಾಡಿಯ ಮೈಲೇಜಿಗೆ ಆವರೇಜ್ ಅನ್ನುತ್ತಾರೆ. "ಎಷ್ಟ್ ಆವರೇಜ್ ಕೊಡ್ತದ?" ಅಂತಲೇ ಕೇಳುವುದು. ಏಳನೇ ಕ್ಲಾಸಿಗೆ ಸರಾಸರಿ ಪಾಠ ಬಂದಾಗ ಹಿರಿಯ ಸರ್ ನಮ್ಮಿಬ್ಬರ ಪೆಟ್ರೋಲ್ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದರು. ಪ್ರತಿ ಸಲ ಟ್ಯಾಂಕ್ ಒಂದೇ ಮಟ್ಟಕ್ಕೆ ತುಂಬಿಸುವುದು, ಮೀಟರ್ ಬರೆದುಕೊಳ್ಳುವುದು, ಮುಂದಿನ ಸಲ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು ನೋಡಿ ಭಾಗಿಸುವುದು. ಪ್ರತಿ ಸಲ ಹೊಸ ಅಂಕಿ ಬಂದಾಗ ಮಕ್ಕಳೇ ಲೆಕ್ಕ ಮಾಡಿ ಗೋಡೆಯ ಮೇಲಿನ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದರು. ಅವರ ಗಾಡಿಯದು ನೀಲಿ ಚುಕ್ಕೆ, ನನ್ನದು ಕೆಂಪು.

ಎರಡೂವರೆ ತಿಂಗಳಲ್ಲಿ ನೀಲಿ ಚುಕ್ಕೆಗಳು ಒಂದೇ ಸಾಲಿನಲ್ಲಿ ನಿಂತವು. ಕೆಂಪು ಚುಕ್ಕೆಗಳು 64, 63, 61, 58, 55 ಅಂತ ಇಳಿಯುತ್ತಾ ಬಂದವು. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ನಿಮ್ಮ ಗಾಡಿಗಿ ಏನಾಗ್ಯದ್ರಿ?"

ಏನೂ ಆಗಿಲ್ಲ ಅಂತ ನನಗೆ ಖಾತ್ರಿ ಇತ್ತು. ಗಾಡಿ ಚೆನ್ನಾಗೇ ಓಡುತ್ತಿತ್ತು. ಆದರೂ ಸಂಜೆ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿದೆ. ಅರ್ಧ ಸುತ್ತಿಗೇ ನಿಂತಿತು. ಹಬ್ ಮುಟ್ಟಿದರೆ ಕೈ ಚುರ್ ಅಂತು.

ಕಾರಣ ಸರಳ. ಚೈನ್ ಬಿಗಿ ಮಾಡುವುದು ಅಂದರೆ ಹಿಂದಿನ ಚಕ್ರವನ್ನು ಸ್ವಲ್ಪ ಹಿಂದಕ್ಕೆ ಎಳೆಯುವುದು. ಚಕ್ರ ಹಿಂದೆ ಹೋದರೆ ಡ್ರಮ್ ಬ್ರೇಕಿನ ರಾಡ್ ಕೂಡ ಎಳೆದುಕೊಳ್ಳುತ್ತೆ. ಅಂದರೆ ಪೆಡಲ್ ತುಳಿಯದೆಯೇ ಬ್ರೇಕ್ ಒಂದಿಷ್ಟು ಹಿಡಿದೇ ಇರುತ್ತೆ. ಚೈನ್ ಸರಿ ಮಾಡಿದ ಮೇಲೆ ರಾಡಿನ ತುದಿಯ ನಟ್ ಸಡಿಲ ಮಾಡಿ ಪೆಡಲಿನ ಆಟ ಮತ್ತೆ 20–30 ಮಿಲಿಮೀಟರಿಗೆ ತರಬೇಕು. ನಾನು ಮೂರು ಸಲ ಚೈನ್ ಬಿಗಿ ಮಾಡಿದ್ದೆ, ಒಂದು ಸಲವೂ ಬ್ರೇಕ್ ನೋಡಿರಲಿಲ್ಲ. ಹಿಂದೆ ಕೂತ ಹಿರಿಯ ಸರ್ ಕಿವಿಗೂ ಇದು ಸಿಕ್ಕಿರಲಿಲ್ಲ, ಯಾಕೆಂದರೆ ಬ್ರೇಕ್ ಸಣ್ಣಗೆ ಹಿಡಿದರೆ ಶಬ್ದವೇ ಬರಲ್ಲ. ಲೆಕ್ಕಕ್ಕೆ ಸಿಕ್ಕಿತು. ಮುಂದಿನ ಚುಕ್ಕೆ 62ಕ್ಕೆ ಏರಿದಾಗ ಮಕ್ಕಳು ಚಪ್ಪಾಳೆ ಹೊಡೆದರು.

64ಕ್ಕೆ ಯಾಕೆ ಏರಲಿಲ್ಲ ಅಂತ ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಏರ್ ಫಿಲ್ಟರಿನಲ್ಲಿತ್ತು.

ಗಾಡಿಯ ಜೊತೆ ಕೊಡುವ ಪುಸ್ತಕವನ್ನು ದಯವಿಟ್ಟು ಓದಿ. ಅದರಲ್ಲಿ ಯಾವ ಕೆಲಸ ಎಷ್ಟು ಕಿಲೋಮೀಟರಿಗೆ ಅಂತ ಪಟ್ಟಿ ಇರುತ್ತೆ. ಆದರೆ ಧೂಳು ಜಾಸ್ತಿ ಇರುವ ಕಡೆ ಇನ್ನೂ ಬೇಗ ಮಾಡಿ ಅಂತ ಅದೇ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಭಾಗಕ್ಕೆ ಆ ಸಣ್ಣ ಅಕ್ಷರವೇ ಮುಖ್ಯ. ಶಹಾಬಾದ್ ಕಡೆ ಹೋದರೆ ಕಲ್ಲಿನ ಪುಡಿ. ವಾಡಿ, ಸೇಡಂ ಕಡೆ ಸಿಮೆಂಟ್ ಧೂಳು. ನಮ್ಮ ಜೇವರ್ಗಿ ಕಡೆ ಎರಿ ಮಣ್ಣಿನ ಧೂಳು, ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ನುಣ್ಣಗೆ. ಸುಗ್ಗಿಯ ದಿನಗಳಲ್ಲಿ ತೊಗರಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಎರಡು ಕಿಲೋಮೀಟರ್ ಹೋದರೆ ಸಾಕು, ರೆಪ್ಪೆಯ ಮೇಲೆ ಕೂಡ ಕೂತಿರುತ್ತೆ. ಎಂಜಿನ್ ಎಳೆದುಕೊಳ್ಳುವುದೂ ಅದೇ ಗಾಳಿ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಪ್ಲಗ್ ಕಪ್ಪಾಗುತ್ತೆ. ಫಿಲ್ಟರ್ ಹರಿದಿದ್ದರೆ ಇನ್ನೂ ಅಪಾಯ. ಆ ಪೌಡರ್ ಒಳಗೆ ಹೋಗಿ ಪಿಸ್ಟನ್ನು, ರಿಂಗು, ಸಿಲಿಂಡರು ಮೂರನ್ನೂ ಉಜ್ಜುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆ ಗಾಡಿಗಳಲ್ಲಿ ಸ್ಪಂಜಿನ ಫಿಲ್ಟರ್ ಇರುತ್ತೆ. ಅದನ್ನು ತೊಳೆದು, ಹಿಂಡದೆ ಮೆಲ್ಲಗೆ ಒತ್ತಿ ಒಣಗಿಸಿ, ಎಣ್ಣೆ ಸವರಿ ಮತ್ತೆ ಹಾಕಬಹುದು. ಈಚಿನ ಎಷ್ಟೋ ಗಾಡಿಗಳಲ್ಲಿ ಎಣ್ಣೆ ಹಚ್ಚಿದ ಕಾಗದದ ಫಿಲ್ಟರ್ ಬರುತ್ತೆ. ಧೂಳನ್ನು ಹಿಡಿಯುವುದು ಆ ಎಣ್ಣೆ. ಅದಕ್ಕೆ ಹವಾ ಹೊಡೆದು ಸ್ವಚ್ಛ ಮಾಡಿದರೆ ಕಾಗದ ಹಾಳಾಗುತ್ತೆ, ನೋಡಲಿಕ್ಕೆ ಮಾತ್ರ ಚೆಂದ ಕಾಣುತ್ತೆ. ಅದನ್ನು ಬದಲಿಸಬೇಕು, ಬೇರೆ ದಾರಿ ಇಲ್ಲ. ನಿಮ್ಮದು ಯಾವುದು ಅಂತ ತಿಳಿದುಕೊಳ್ಳಿ. ಗ್ಯಾರೇಜಿನಲ್ಲಿ ಹುಡುಗ ಹವಾ ಪೈಪ್ ಕೈಗೆತ್ತಿಕೊಂಡಾಗ ತಡೆಯಲಿಕ್ಕೆ ಅದು ಗೊತ್ತಿರಬೇಕು, ಅಲ್ವಾ?

ಎಂಜಿನ್ ಆಯಿಲ್ ಬಗ್ಗೆ ಜನ ಬ್ರ್ಯಾಂಡ್ ಚರ್ಚೆ ಮಾಡುತ್ತಾರೆ. ನಾನು ಮಟ್ಟದ ಬಗ್ಗೆ ಚಿಂತೆ ಮಾಡುತ್ತೇನೆ. ನೂರು ಸಿಸಿ ಗಾಡಿಯಲ್ಲಿ ಇರುವುದೇ ಒಂದು ಲೀಟರಿನಷ್ಟು ಎಣ್ಣೆ. ಅದೇ ಎಣ್ಣೆ ಎಂಜಿನ್ನಿಗೂ, ಗೇರಿಗೂ, ಕ್ಲಚ್ಚಿಗೂ. 200 ಮಿಲಿ ಕಡಿಮೆಯಾದರೆ ಐದರಲ್ಲಿ ಒಂದು ಪಾಲು ಹೋದ ಹಾಗೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಎರಡು ಮೂರು ನಿಮಿಷ ಚಾಲೂ ಇಟ್ಟು ಬಂದ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಇಳಿಸಬೇಕು. ನನ್ನ ಗಾಡಿಯದನ್ನು ತಿರುಗಿಸಿ ಬಿಗಿ ಮಾಡದೆ ಸುಮ್ನೆ ಇಳಿಸಿ ನೋಡಬೇಕು ಅಂತ ಪುಸ್ತಕ ಹೇಳುತ್ತೆ. ಬಿಗಿ ಮಾಡಿ ನೋಡಿದರೆ ಕಡ್ಡಿ ಇನ್ನೂ ಕೆಳಗೆ ಹೋಗುತ್ತೆ, ಇಲ್ಲದ ಎಣ್ಣೆ ಇದೆ ಅಂತ ತೋರಿಸುತ್ತೆ. ಡಬ್ಬದ ಮೇಲೆ ಎಣ್ಣೆಯ ದಪ್ಪ ಹೇಳುವ 10ಡಬ್ಲ್ಯು-30 ಅಂತ ಇದ್ದರೆ ಸಾಲದು, ಬೈಕಿನ ಕ್ಲಚ್ಚಿಗೆ ಹೊಂದುತ್ತೆ ಅನ್ನುವ ಗುರುತು ಜಾಸೋ ಎಂಎ (JASO MA) ಅಂತಲೂ ಇರಬೇಕು. ಕಾರಿಗೆ ಹಾಕುವ ಎಷ್ಟೋ ಎಣ್ಣೆಗಳಲ್ಲಿ ಜಾರಿಸುವ ಮಸಾಲೆ ಸೇರಿಸಿರುತ್ತಾರೆ. ಬೈಕಿನ ಕ್ಲಚ್ ಎಣ್ಣೆಯೊಳಗೇ ಮುಳುಗಿರುವುದರಿಂದ ಅದು ಕ್ಲಚ್ಚನ್ನೂ ಜಾರಿಸುತ್ತೆ. ನಾನು 2,500 ಕಿಲೋಮೀಟರಿಗೆ ಬದಲಿಸುತ್ತೇನೆ. ಪುಸ್ತಕದ ಲೆಕ್ಕಕ್ಕಿಂತ ಇದು ಬೇಗ. ನಮ್ಮ ಬಿಸಿಲು, ನಮ್ಮ ಧೂಳು ನೋಡಿ ಮಾಡಿಕೊಂಡ ಲೆಕ್ಕ ಇದು.

ಬಿಸಿಲು ಅಂದಾಗ ಟೈರಿನ ಮಾತು ಬರಬೇಕು. ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. 42, 43 ಡಿಗ್ರಿ ನಮಗೆ ಹೊಸದಲ್ಲ. ಆ ಬಿಸಿಲಿಗೆ ಟೈರ್ ಒಡೆಯುತ್ತೆ ಅಂತ ಬೇಸಿಗೆಯಲ್ಲಿ ಹವಾ ಕಡಿಮೆ ಹಾಕಿಸುವವರು ನನ್ನ ಸುತ್ತ ಎಷ್ಟೋ ಜನ ಇದ್ದಾರೆ. ನಾನೂ ಹಾಗೇ ಮಾಡುತ್ತಿದ್ದೆ. ಇದು ಪೂರ್ತಿ ಉಲ್ಟಾ. ಹವಾ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿ ಬಿಡಿಸಿಕೊಳ್ಳುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತಲ್ಲ, ಹಾಗೆ. ಹೊರಗಿನ ಬಿಸಿಲು ಒಂದು ಕಡೆ, ಒಳಗಿನ ಈ ಕಾವು ಇನ್ನೊಂದು ಕಡೆ. ಟೈರ್ ಸೋಲುವುದು ಆಗ. ಓಡಿದ ಮೇಲೆ ಗೇಜ್ ನಾಲ್ಕೈದು ಪಾಯಿಂಟ್ (ಪಿಎಸ್‌ಐ) ಜಾಸ್ತಿ ತೋರಿಸುವುದು ಸಹಜ, ಕಂಪನಿಯವರು ಅದನ್ನು ಲೆಕ್ಕ ಹಾಕಿಯೇ ತಣ್ಣಗಿನ ಅಳತೆ ಕೊಟ್ಟಿರುತ್ತಾರೆ. ಬಿಸಿ ಟೈರಿನಿಂದ ಹವಾ ಬಿಡಬೇಡಿ.

ನನ್ನ ಗಾಡಿಗೆ ಬರೆದಿರುವುದು ಮುಂದೆ 25, ಹಿಂದೆ ಒಬ್ಬರಿದ್ದರೆ 28, ಇಬ್ಬರಿದ್ದರೆ 40. ಕೊನೆಯ ಎರಡು ಅಂಕಿಯ ನಡುವಿನ ಅಂತರ ನೋಡಿ. ನನ್ನ ವಾರದಲ್ಲಿ ಹಿರಿಯ ಸರ್ ದಿನಾ ಹಿಂದೆ ಕೂರುತ್ತಿದ್ದರು, ನಾನು ವರ್ಷಗಟ್ಟಲೆ 28 ಹಾಕಿಸಿಕೊಂಡು ಓಡಿಸಿದ್ದೆ. ಪಂಪಿನ ಹವಾ ಮೀಟರಿಗೂ ನನ್ನ ಗೇಜಿಗೂ ಕೆಲವು ಕಡೆ ಐದಾರು ಪಾಯಿಂಟ್ ವ್ಯತ್ಯಾಸ ಬಂದದ್ದುಂಟು. ಅದಕ್ಕೇ ಮನೆಯಲ್ಲಿ, ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡುವುದು. ಹಾಗೇ ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 2219 ಅಂತಿದ್ದರೆ 2019ನೇ ವರ್ಷದ 22ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರ್ ಕೊಳ್ಳುವಾಗ ಅದನ್ನು ಓದಿ.

ಮಳೆಗಾಲದಲ್ಲಿ ಮಾತ್ರ ಯಾವ ಗೇಜೂ ಕೆಲಸಕ್ಕೆ ಬರಲ್ಲ. ಎರಿ ಮಣ್ಣು ಗೊತ್ತಿಲ್ಲದವರಿಗೆ ಇದನ್ನು ಹೇಳುವುದು ಕಷ್ಟ. ಒಣಗಿದಾಗ ಪೌಡರ್, ನೆನೆದಾಗ ಕಣಕ. ಒಳದಾರಿಯಲ್ಲಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ಮುಂದಿನ ಚಕ್ರ ಎರಡು ಪಟ್ಟು ದಪ್ಪಗಾಗುತ್ತೆ. ಟೈರಿಗೆ ಅಂಟಿದ ಮಣ್ಣು ಮಡ್‌ಗಾರ್ಡಿನೊಳಗೆ ಹೋಗಿ ತುಂಬುತ್ತೆ, ಅದರ ಮೇಲೆ ಇನ್ನೊಂದು ಪದರ. ಕೊನೆಗೆ ಚಕ್ರ ತಿರುಗಲ್ಲ. ಗಾಡಿ ಸ್ಟ್ಯಾಂಡ್ ಇಲ್ಲದೆ ತಾನೇ ನಿಂತಿರುತ್ತೆ! ಹಿರಿಯ ಸರ್ ಪ್ಯಾಂಟ್ ಮಡಚಿ ಇಳಿದು, ಹೊಲದ ಬದುವಿನಿಂದ ಒಂದು ತೊಗರಿ ಕಟ್ಟಿಗೆ ಮುರಿದುಕೊಂಡು ಬರುತ್ತಿದ್ದರು. ಮಡ್‌ಗಾರ್ಡಿನ ಸಂದಿಗೆ ಅದನ್ನು ತೂರಿಸಿ ಎಳೆದರೆ ಮಣ್ಣು ಇಟ್ಟಿಗೆಯ ಹಾಗೆ ತುಂಡುತುಂಡಾಗಿ ಬೀಳುತ್ತಿತ್ತು. ಅಂಥ ಹೊತ್ತಲ್ಲಿ ಹಠ ಹಿಡಿದು ಎಕ್ಸಲೇಟರ್ ಕೊಡಬಾರದು. ಚಕ್ರ ತಿರುಗದಿದ್ದಾಗ ಸುಡುವುದು ಕ್ಲಚ್ ಪ್ಲೇಟು.

ಮನೆಗೆ ಬಂದ ಮೇಲೆ ಮುಖ್ಯ ಕೆಲಸ ಎಂಜಿನ್ನಿನ ರೆಕ್ಕೆಗಳದ್ದು. ಸಿಲಿಂಡರಿನ ಸುತ್ತ ತೆಳ್ಳನೆಯ ಲೋಹದ ರೆಕ್ಕೆಗಳಿರುತ್ತವಲ್ಲ, ಗಾಳಿ ತಾಗಿ ಕಾವು ಹೋಗುವುದು ಅಲ್ಲಿಂದಲೇ. ಮುಂದಿನ ಚಕ್ರ ಎರಚಿದ ಎರಿ ಮಣ್ಣು ಅಲ್ಲಿ ಸೇರಿ, ಎಂಜಿನ್ ಕಾವಿಗೆ ಒಣಗಿ, ಕಂಬಳಿ ಹೊದಿಸಿದ ಹಾಗಾಗುತ್ತೆ. ಹಸಿ ಇದ್ದಾಗಲೇ, ಆದರೆ ಎಂಜಿನ್ ತಣ್ಣಗಾದ ಮೇಲೆ, ನೀರು ಹಾಕಿ ಹಳೆ ಟೂತ್ ಬ್ರಷ್ಷಿನಿಂದ ತೆಗೆಯಬೇಕು. ಜೋರು ನೀರಿನ ಪೈಪನ್ನು ಚಕ್ರದ ಬೇರಿಂಗಿಗೆ, ಹ್ಯಾಂಡಲಿನ ಕೋನ್ ಸೆಟ್ಟಿಗೆ ನೇರ ಹಿಡಿಯಬೇಡಿ, ಗ್ರೀಸ್ ಕೊಚ್ಚಿ ಹೋಗುತ್ತೆ. ಖಂಡೇ ನವಮಿಯ (ಆಯುಧ ಪೂಜೆಯ) ದಿನ ಈ ತಪ್ಪು ಜಾಸ್ತಿ ನಡೆಯುತ್ತೆ. ತೊಳೆದ ಮೇಲೆ ಹೂವು ನಿಂಬೆಹಣ್ಣು ಇಡುವ ಮುಂಚೆ ಒಂದು ಸುತ್ತು ಓಡಿಸಿ, ಎರಡೂ ಬ್ರೇಕ್ ಮೆಲ್ಲಗೆ ಹಿಡಿದು ಡ್ರಮ್ ಒಣಗಿಸಿಕೊಳ್ಳಿ.

ಬ್ಯಾಟರಿ, ಪ್ಲಗ್, ಕೇಬಲ್ ಇವುಗಳ ಬಗ್ಗೆ ಜಾಸ್ತಿ ಬರೆಯಲ್ಲ. ಕ್ಲಚ್ ಕೇಬಲ್ ಮಾತ್ರ ಲಿವರಿನ ಹತ್ತಿರ ಒಂದೊಂದೇ ಎಳೆ ಬಿಚ್ಚುತ್ತೆ, ತಿಂಗಳಿಗೊಮ್ಮೆ ಅಲ್ಲಿ ಕಣ್ಣು ಹಾಯಿಸಿ. ಇನ್ನು, ನನ್ನ ಹಾಗೆ ಏಪ್ರಿಲ್‌ನಿಂದ ಮೇ ಕೊನೆವರೆಗೆ ರಜೆಯಲ್ಲಿ ಗಾಡಿ ನಿಲ್ಲಿಸುವವರು, ಕಾರ್ಬೋರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಎಂಜಿನ್ ತಾನೇ ನಿಲ್ಲುವವರೆಗೆ ಚಾಲೂ ಇಡಿ. ಈಗಿನ ಪೆಟ್ರೋಲಿನಲ್ಲಿ ಇಥೆನಾಲ್ ಇರುತ್ತೆ, ಇಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ. ಕಾರ್ಬೋರೇಟರಿನ ಬಟ್ಟಲಲ್ಲಿ ಅದು ಎರಡು ತಿಂಗಳು ನಿಲ್ಲುವುದು ಬೇಡ.

ಟ್ಯಾಪೆಟ್ಟಿಗೆ, ಅಂದರೆ ಎಂಜಿನ್ನಿನ ವಾಲ್ವ್‌ಗೆ ಬಿಡುವ ಸಣ್ಣ ಸಡಿಲಿಗೆ, ಮಾತ್ರ ನಾನು ಕೈ ಹಾಕಲ್ಲ. ಮಿಲಿಮೀಟರಿನ ನೂರನೇ ಭಾಗದ ಲೆಕ್ಕ ಅದು, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿ ನೋಡಬೇಕು. ಅದಕ್ಕೆ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದಾರೆ, ನಾವೆಲ್ಲ ಚಾಚಾ ಅನ್ನುತ್ತೇವೆ. ಹಿಂದಿನ ದಿನ ರಾತ್ರಿಯೇ ಗಾಡಿ ಬಿಟ್ಟು ಹೋಗಬೇಕು, ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಅವರು ಮೊದಲು ಮಾಡುವ ಕೆಲಸ ಅದು. ಒಂದು ಸಲ ನಾನು ಟಿಕ್ ಟಿಕ್ ಶಬ್ದ ಪೂರ್ತಿ ನಿಲ್ಲಿಸಿ ಅಂದೆ. ಚಾಚಾ ತಲೆ ಅಲ್ಲಾಡಿಸಿದರು. "ಸಣ್ಣ ಆವಾಜ್ ಇರ್ಲಿ ಸರ್. ಆವಾಜ್ ಪೂರಾ ಬಂದ್ ಆತು ಅಂದ್ರ ಹೆದರ್ರಿ." ಟ್ಯಾಪೆಟ್ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲ್ಲ. ಬಿಸಿ ಗ್ಯಾಸ್ ಆ ಸಂದಿಯಿಂದ ನುಗ್ಗಿ ವಾಲ್ವಿನ ಅಂಚನ್ನೇ ಸುಡುತ್ತೆ. ಎಲ್ಲ ಶಬ್ದವೂ ರೋಗ ಅಲ್ಲ, ಎಲ್ಲ ಮೌನವೂ ಆರೋಗ್ಯ ಅಲ್ಲ ಅಂತ ಆಗ ತಿಳಿಯಿತು.

ಹಿರಿಯ ಸರ್ ಹೋದ ವರ್ಷ ನಿವೃತ್ತರಾದರು. ಈಗ ಎಲ್ಲ ವಾರವೂ ನನ್ನದೇ ಗಾಡಿ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರಿನ ಹತ್ತಿರ ಓಡುತ್ತೆ. ಗ್ರಾಫ್ ಹಾಳೆ ಈಗಲೂ ಗೋಡೆಯ ಮೇಲಿದೆ, ಬರೀ ಕೆಂಪು ಚುಕ್ಕೆಗಳು. ಚೈನಿಗೆ ಸ್ಕೇಲ್ ಇದೆ, ಟೈರಿಗೆ ಗೇಜ್ ಇದೆ. ಆದರೆ ಭುಜ ತಟ್ಟುವವರಿಲ್ಲ.

ಅದಕ್ಕೆ ಒಂದು ದಾರಿ ಮಾಡಿಕೊಂಡಿದ್ದೇನೆ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಸಹೋದ್ಯೋಗಿಗಳಲ್ಲಿ ಯಾರಾದರೊಬ್ಬರಿಗೆ ಕೀ ಕೊಟ್ಟು, ದೊಡ್ಡ ರಸ್ತೆಯವರೆಗೆ ಹೋಗಿ ಬನ್ನಿ ಅನ್ನುತ್ತೇನೆ. ಬಂದ ಮೇಲೆ ಏನನ್ನಿಸಿತು ಅಂತ ಕೇಳುತ್ತೇನೆ. ನಿನ್ನೆ ಈ ವರ್ಷ ಹೊಸದಾಗಿ ಬಂದ ಮೇಡಂ ಹೋಗಿ ಬಂದರು. ಅವರಿಗೆ ಗೇರಿನ ಗಾಡಿ ಮೊದಲಿನಿಂದ ರೂಢಿ. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮುಂಚೆಯೇ ಹೇಳಿದರು. "ಸರ್, ಮುಂದಿನ ಬ್ರೇಕ್ ಹಿಡಿದು ಬಿಟ್ರ ಲಿವರ್ ಲಗೂ ವಾಪಸ್ ಬರವಲ್ದು."

ನಾನು ಲಿವರ್ ಹಿಡಿದು ಬಿಟ್ಟೆ. ಎಂದಿನ ಹಾಗೇ ಅನ್ನಿಸಿತು. ಪಕ್ಕದಲ್ಲಿದ್ದ ಅವರ ಗಾಡಿಯ ಲಿವರ್ ಹಿಡಿದು ಬಿಟ್ಟೆ. ಟಕ್ ಅಂತ ವಾಪಸ್ ಬಂತು. ಮತ್ತೆ ನನ್ನದು ಹಿಡಿದು ಬಿಟ್ಟೆ. ಖರೇ, ನಿಧಾನ ಬರುತ್ತಿತ್ತು.

ಇವತ್ತು ಭಾನುವಾರ. ಕೇಬಲ್ಲಿಗೆ ಎಣ್ಣೆ ಇಳಿಸಿದ್ದೇನೆ, ಅಷ್ಟೇನೂ ಬದಲಾಗಿಲ್ಲ. ಟೀ ಕುಡಿದು ಮುಂದಿನ ಚಕ್ರ ಬಿಚ್ಚಬೇಕು. ಡ್ರಮ್ಮಿನೊಳಗೆ ಎರಿ ಮಣ್ಣು ಸೇರಿರಬೇಕು.